ಸುಸ್ತು

ಅಶೋಕ ರಸ್ತೆಯ ಗೇಟು ಬಿದ್ದಿತ್ತು.
ಆಟೋದೊಳಗೆ ನಾನಿ, ನಾನು,
ಭಟ್ಟಿಯ ಸಾವ್ಕಾರ ಕೂಲಿ ಮುರಿದು ಕೊಟ್ಟ ಅರ್ಧ ದಿನ.
ಗೂಡ್ಸು ಗಾಡಿ. ಡಬ್ಬಿ ಎಣಿಸಿದೆ, ಐವತ್ತೆಂಟು.
ಹಳಿಯ ಈಚೆ ಮಂಡಕ್ಕಿ ಭಟ್ಟಿಗಳ ಟೈರು ಸುಟ್ಟ ಹೊಗೆ,
ಆಚೆ ಎರಡು ಮೆಡಿಕಲ್ ಕಾಲೇಜು, ಬೀದಿಗೊಂದು ಸ್ಕ್ಯಾನಿಂಗು,
ನಮಗೆ ದೊಡ್ಡಾಸ್ಪತ್ರೆಯ ಹತ್ತು ರೂಪಾಯಿ ಚೀಟಿ.

ನನಗಾಗ ಹನ್ನೊಂದು. ಕನ್ನಡ ಶಾಲೆ, ಆರನೇ ಕ್ಲಾಸು.
ಕರೆಂಟು ಬಿಲ್ಲು, ರೇಷನ್ ಕಾರ್ಡು, ಬ್ಯಾಂಕಿನ ಕಾಗದ
ಮನೆಯಲ್ಲಿ ಎಲ್ಲವನ್ನೂ ಓದುವವಳು ನಾನೇ.
ತೂ ಹೈ ನಾ, ಡರ್ ಕಾಯ್ಕು, ಅಂದಿದ್ದಳು ಅಮ್ಮಿ.

ನಾನಿಗೆ ಕನ್ನಡ ಬರುತ್ತಿರಲಿಲ್ಲ ಅಂತಲ್ಲ.
ಸೇರು, ಪಾವು, ಚೀಲಕ್ಕಿಷ್ಟು, ಮರಳು ಕಾದೈತೆ, ನಾಳೆ ಬಾ
ಭಟ್ಟಿಗೆ ಬೇಕಾದಷ್ಟು ಕನ್ನಡ ಬರುತ್ತಿತ್ತು.
ಮೈಗೆ ಬೇಕಾದ ಕನ್ನಡವನ್ನು
ಕೂಲಿಯ ಜೊತೆ ಯಾರೂ ಕೊಟ್ಟಿರಲಿಲ್ಲ.

ಚೀಟಿ ಬರೆಯುವವ ತಲೆಯೆತ್ತದೆ ಹೆಸರು ಕೇಳಿದ.
ಸಾಬೇರಾಬಿ.
ಏನು?
ಸಾಬೇರಾಬಿ.
ಏನೋ ಒಂದು ಬೀ, ಎಂದು ಪಕ್ಕದವನಿಗೆ ಹೇಳಿ
ಶಾಬಿರಾಬಿ ಎಂದು ಬರೆದ.
ವಯಸ್ಸು? ನಾನಿ ಲೆಕ್ಕ ಹಾಕಿದಳು:
ಭದ್ರಾ ಕಾಲುವೆಗೆ ಮೊದಲು ನೀರು ಬಿಟ್ಟಾಗ
ತನ್ನ ಜಡೆ ತಾನೇ ಹಾಕಿಕೊಳ್ಳುವಷ್ಟಿದ್ದೆ, ಹೇಳು.
ನಾನು ಹೇಳುವುದರೊಳಗೆ ಐವತ್ತು ಎಂದು ಬರೆದಿದ್ದ.

ಒಳಗೆ ಒಂದು ಮೇಜು, ಮೂವರು ಡಾಕ್ಟರು, ಪರದೆಯಿಲ್ಲ.
ಬೆನ್ನ ಹಿಂದೆ ಸಾಲು, ಸಾಲಿನ ತುಂಬ ಗಂಡಸರು.
ಏನಾಗೈತೆ, ಬೇಗ ಹೇಳು.
ನಾನಿಯ ರೆಪ್ಪೆಯಲ್ಲಿ ಇನ್ನೂ ಭಟ್ಟಿಯ ಮರಳಿತ್ತು.
ಸೆರಗು ಬಾಯಿಗೆ ಹಿಡಿದು ನನ್ನ ಕಿವಿಗೆ ಬಾಗಿದಳು:
ಬೀಸ್ ಸಾಲ್ ಬಾದ್ ಫಿರ್ ಖೂನ್ ದಿಕ್ರಾ. ಬೋಲ್ ಬೇಟಾ.

ಇಪ್ಪತ್ತು ವರ್ಷ ಗೊತ್ತಿತ್ತು.
ಖೂನ್ ಅಂದರೆ ರಕ್ತ, ಅದೂ ಗೊತ್ತಿತ್ತು,
ಒತ್ತಕ್ಷರ ತಪ್ಪದೆ ಬರೆದು ತೋರಿಸಬಲ್ಲೆ.
ಎಲ್ಲಿಂದ ಅನ್ನುವುದಕ್ಕೆ ಮಾತ್ರ
ಪಾಠದಲ್ಲಿ ಪದವಿರಲಿಲ್ಲ.
ಮನೆಯಲ್ಲಿ, ಯಾವ ಭಾಷೆಯಲ್ಲೂ, ಇರಲಿಲ್ಲ.
ನನಗೇ ಇನ್ನೂ ಆಗಿರಲಿಲ್ಲ ಅದು.
ಹಿಂದಿನವನ ಹೊಟ್ಟೆ ನನ್ನ ಬೆನ್ನಿಗೆ ತಾಗುತ್ತಿತ್ತು.

ಸುಸ್ತಂತೆ ಸಾರ್, ಅಂದೆ.

ಇವರಿಗೆಲ್ಲ ಇದ್ದಿದ್ದೇ, ಅಂದರು.
ಕೆಟ್ಟವರ ಹಾಗೆ ಅಲ್ಲ,
ಮೋಡ ಆಗೈತೆ ಅನ್ನುವ ಹಾಗೆ.
ಮಕ್ಕಳೆಷ್ಟು? ಏಳು, ಅಂದೆ. ಇಬ್ಬರು ನಕ್ಕರು.
ಆ ನಗುವಿನ ಅರ್ಥ ಹೇಳು ಎಂದು ನಾನಿ ಕೇಳಲಿಲ್ಲ.
ಕಬ್ಬಿಣದ ಮಾತ್ರೆ, ಕೆಂಪು, ಮೂವತ್ತು.
ಸ್ಟೆಥಾಸ್ಕೋಪು ಅವರ ಕೊರಳಲ್ಲೇ ಇತ್ತು.

ಹದಿನಾಲ್ಕು ತಿಂಗಳ ಮೇಲೆ, ಬೆಂಗಳೂರಿಗೆ ಒಯ್ಯಿರಿ ಅಂದಾಗ
ಕಾರ್ಡಿನಲ್ಲಿ ಸಾಬೇರಾಬಿ, ಚೀಟಿಗಳಲ್ಲೆಲ್ಲ ಶಾಬಿರಾಬಿ.
ಇಬ್ಬರೂ ಒಬ್ಬಳೇ ಅಂತ ಅಫಿಡವಿಟ್ ಬೇಕು.
ಛಾಪಾ ಕಾಗದ ಬರುವ ಹೊತ್ತಿಗೆ
ಇಬ್ಬರೂ ಇರಲಿಲ್ಲ.

ಈಗ ಪದಗಳಿವೆ ನನ್ನ ಹತ್ತಿರ:
ಮುಟ್ಟು, ಸ್ರಾವ, ಗರ್ಭಕೋಶದ ಕೊರಳು.
ನಡುರಾತ್ರಿ ಎದ್ದು ಒಂದೊಂದನ್ನೇ
ಗಟ್ಟಿಯಾಗಿ ಹೇಳಿ ನೋಡುತ್ತೇನೆ.
ನೀನು ಮಗು ಇದ್ದೆ ಬಿಡು, ಅನ್ನುತ್ತಾನೆ ಗಂಡ.
ಹೌದು. ಅದನ್ನೇ ನಾನೂ ಕೇಳುತ್ತಿರುವುದು:
ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ
ನಾನಿಯ ಮಾತು ಬಲ್ಲವಳು
ಒಂದು ಮಗುವೇ ಯಾಕಿರಬೇಕಿತ್ತು?

ಹೇಳಬೇಕೆಂದಿದ್ದದ್ದು ದೋಸೆಯ ವಿಷಯ.
ಅವತ್ತು ಹೊರಗೆ ಬಂದು ನಾನಿ ಕೇಳಿದಳು, ಸಬ್ ಬೋಲೀ ನಾ?
ಎಲ್ಲ ಹೇಳಿದೆ, ಅಂದೆ.
ಸೊಂಟದ ಚೀಲ ಬಿಚ್ಚಿ
ಬೆಣ್ಣೆದೋಸೆ ಕೊಡಿಸಿದಳು, ತನಗೆ ಬೇಡವೆಂದು
ನಾನು ತಿನ್ನುವುದನ್ನೇ ನೋಡುತ್ತ ಕೂತು,
ಕಾವಲಿಯ ಹೊಗೆಯಾಚೆ ನಿಂತವನಿಗೆ
ನನಗಿಂತ ಚೆಂದದ ಕನ್ನಡದಲ್ಲಿ ಕೂಗಿ ಹೇಳಿದಳು:
ಕೂಸು ಬಾಳ ಜಾಣೆ ಐತೆ ಅಣ್ಣಾ,
ಬೆಣ್ಣೆ ಜಾಸ್ತಿ ಹಾಕು.